ಹಾಜರಿ ಪುಸ್ತಕದಲ್ಲಿ ಚಂದ್ರ
(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ಗಣಿತ ಕಲಿಸಿದೆ. ಇಂದು ಮಾತ್ರ, ಒಬ್ಬ ಹುಡುಗ ನನಗೆ ಕಲಿಸಿದ ಲೆಕ್ಕವನ್ನು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಕುವೆಂಪುನಗರಕ್ಕೆ ವರ್ಗವಾಗಿ ಬರುವ ಮೊದಲು ನಾನು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ನದಿಯ ದಡದ ಒಂದು ಶಾಲೆಯಲ್ಲಿದ್ದೆ. ಮೈಸೂರಿನವನಾದ ನನಗೆ ಸಮುದ್ರ ಹೊಸದು. ಎಂಟನೆಯ ತರಗತಿಯ ಒಬ್ಬ ಹುಡುಗ ಕೆಲವು ದಿನ ಪ್ರಾರ್ಥನೆಗೆ ಮೊದಲೇ ಬಂದಿರುತ್ತಿದ್ದ. ಕೆಲವು ದಿನ ಎರಡನೆಯ ಪೀರಿಯಡ್ ಮುಗಿಯುವಾಗ, ಕಾಲಿನ ಕೆಸರೂ ತೊಳೆಯದೆ ಬರುತ್ತಿದ್ದ. ಬೈದೆ, ಹೊರಗೆ ನಿಲ್ಲಿಸಿದೆ. "ನೀರು ಇಳಿಯುದೇ ತಡ ಆಯ್ತು, ಸರ್" ಎನ್ನುತ್ತಿದ್ದ. ನೆಪವೆಂದುಕೊಂಡೆ.

ತಿಂಗಳ ಕೊನೆಗೆ ಹಾಜರಿ ಕೂಡಿಸುವಾಗ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಅವನು ತಡವಾಗಿ ಬಂದ ದಿನಗಳೆಲ್ಲ ಚೌತಿ, ಪಂಚಮಿ, ಷಷ್ಠಿ. ಶುಕ್ಲ ಪಕ್ಷದಲ್ಲೂ ಅಷ್ಟೇ, ಕೃಷ್ಣ ಪಕ್ಷದಲ್ಲೂ ಅಷ್ಟೇ. ಮರುದಿನವೇ ಅವನ ಮನೆಗೆ ಹೋದೆ. ನದಿಯ ಕೆಸರಿನಲ್ಲಿ ಬಳಚು, ಅಂದರೆ ಚಿಪ್ಪುಮೀನು, ಆರಿಸಿ ಮಾರುವ ತಾಯಿಗೆ ಅವನೊಬ್ಬನೇ ಆಸರೆ. ಬೈಗುಳಕ್ಕೆ ಅಂಜಿ ಶಾಲೆ ಬಿಡುವ ಯೋಚನೆಯಲ್ಲಿದ್ದ.

ಉಬ್ಬರ ಇಳಿತ ದಿನಕ್ಕೆ ಎರಡೆರಡು ಬಾರಿ ಬರುತ್ತವೆ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಚಂದ್ರನ ದಿನ 24 ಗಂಟೆ 50 ನಿಮಿಷದ್ದು. ಆದ್ದರಿಂದ ಇಳಿತವೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರಿ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಏರಿಳಿತ ಸಣ್ಣದು; ಬಳಚಿನ ನೆಲ ಚೆನ್ನಾಗಿ ತೆರೆದುಕೊಳ್ಳುವುದಿಲ್ಲ.

ಮಹಾರಾಷ್ಟ್ರದ ಕೊಂಕಣ ತೀರದ ಮೀನುಗಾರರಲ್ಲಿ ಒಂದು ಲೆಕ್ಕವಿದೆ: ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ ಸಿಗುತ್ತದೆ. ಪಂಚಮಿಗೆ ಐದು ಮುಕ್ಕಾಲು, ಅಂದರೆ ಮೂರೂ ಮುಕ್ಕಾಲು ಗಂಟೆ. ಅಲ್ಲಿಂದ ಆರು ಗಂಟೆ ಚಿಲ್ಲರೆಗೆ, ಬೆಳಿಗ್ಗೆ ಹತ್ತರ ಆಸುಪಾಸಿಗೆ, ಪೂರ್ಣ ಇಳಿತ. ಊರಿಂದ ಊರಿಗೆ ಹೊತ್ತು ಸ್ವಲ್ಪ ಬದಲಾಗಬಹುದು. ಆದರೂ ನನ್ನ ಹಾಜರಿ ಪುಸ್ತಕಕ್ಕೆ ಉತ್ತರ ಸಿಕ್ಕಿತು!

ಆಮೇಲೆ ದೋಣಿಯವರ ಲೆಕ್ಕವೂ ಕಣ್ಣಿಗೆ ಬಿತ್ತು. ಇಳಿತದ ಸೆಳೆತದೊಂದಿಗೆ ಹೊರಟರೆ ಹುಟ್ಟು ಹಾಕುವ ಶ್ರಮ ಕಡಿಮೆ; ಉಬ್ಬರದೊಂದಿಗೆ ಮರಳಿದರೆ ಮನೆ ಸಲೀಸು. ಆದರೆ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಇಳಿಯುವ ನೀರಿಗೆ ಎದುರು ಅಲೆ ಬಡಿದರೆ ತೆರೆ ಎದ್ದು ದೋಣಿ ಮಗುಚಬಹುದು. ಅದಕ್ಕೇ ಮೀನು ಎಷ್ಟೇ ಇದ್ದರೂ ಹೊತ್ತು ಕಾಯುತ್ತಾರೆ. ಬೆಳದಿಂಗಳಲ್ಲಿ ಬಲೆ ಮೀನಿನ ಕಣ್ಣಿಗೆ ಬೀಳುತ್ತದೆ. ಕತ್ತಲ ರಾತ್ರಿಯಲ್ಲಿ ಬೂತಾಯಿಯ ಹಿಂಡು ಚಲಿಸಿದರೆ ನೀರೇ ಮಿನುಗಿ ಜಾಗ ತೋರಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸರ್ಕಾರವೇ ರಜೆ ಕೊಡುತ್ತದೆ. ಗಡಿಯಾರ ನೋಡದ ಬದುಕು ಅದೆಂದು ಭಾವಿಸಿದ್ದೆ. ನಮಗಿಂತ ದೊಡ್ಡ ಗಡಿಯಾರ ನೋಡುವವರು ಅವರು.

ನಾನು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡು ಆ ಮೂರು ತಿಥಿಗಳಂದು ಗಣಿತವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆ. ಹುಡುಗ ಶಾಲೆ ಬಿಡಲಿಲ್ಲ. ಮುಕ್ಕಾಲರ ಗುಣಾಕಾರ ಇಡೀ ತರಗತಿಗೆ ಬಾಯಿಗೆ ಬಂತು.

ಅದೇ ಅಘನಾಶಿನಿ ಅಳಿವೆ, ನಮ್ಮ ರಂಗನತಿಟ್ಟಿನಂತೆಯೇ, ಈಗ ರಾಮ್ಸಾರ್ ಪಟ್ಟಿಯಲ್ಲಿದೆ. 2024ರಲ್ಲಿ ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಕೆಸರುಗಾಲುಗಳು.

ಕುವೆಂಪುನಗರಕ್ಕೆ ಬಂದಾಗ ಇಲ್ಲಿ ಸಮುದ್ರವಿರಲಿಲ್ಲ. ಆದರೆ ತಡವಾಗಿ ಬರುವ ಮಕ್ಕಳಿದ್ದರು. ಒಬ್ಬ ಮನೆಮನೆಗೆ ಪೇಪರ್ ಹಾಕಿ ಬರುತ್ತಿದ್ದ. ಒಬ್ಬಳು ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುತ್ತಿದ್ದಳು. ಅವರನ್ನು ಹೊರಗೆ ನಿಲ್ಲಿಸುವ ಮೊದಲು ಕಾರಣ ಕೇಳಿದೆ. ಆ ಬುದ್ಧಿಯನ್ನು ಕೊಟ್ಟವನು ಕುಮಟೆಯ ಹುಡುಗ.

ಇಂದಿನ ಶಿಕ್ಷಕ ಮಿತ್ರರಲ್ಲಿ ನನ್ನದು ಒಂದೇ ಬಿನ್ನಹ: ತಡವಾಗಿ ಬಂದ ಮಗುವಿನ ಮನೆಯಲ್ಲಿ ನೀರು ಯಾವಾಗ ಇಳಿಯುತ್ತದೆ ಎಂದು ಒಮ್ಮೆ ಕೇಳಿ.