ಸಂಕಮ್ಮ ಕೊಡದ ಭಾಷೆ



ಹೆಣ್ಣುಮಕ್ಕಳು ಬರೆದ ಕಥೆಗಳ ಪುಸ್ತಕ ಪ್ರದರ್ಶನ ಉದ್ಘಾಟಿಸಲು ಕರೆದಿದ್ದೀರಿ. ಮಲೆ ಮಾದಪ್ಪನ ಜನಪದ ಕಾವ್ಯದಲ್ಲಿ ನಿಮ್ಮ ಕುಂತೂರು ಮಠದ ಹೆಸರಿದೆ. ಅದೇ ಕಾವ್ಯದಲ್ಲಿ ಸಂಕಮ್ಮನ ಸಾಲೂ ಇದೆ. ನನ್ನ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತೇನೆ.

ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯನ್ನು ಕರೆದು, ನಾನು ಬರುವ ತನಕ ಪತಿವ್ರತೆಯಾಗಿರುತ್ತೇನೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಆಣೆ ಯಾಕಿಡಬೇಕು? ಅವನು ಹಿಂಸೆ ಕೊಡುತ್ತಾನೆ, ಗುಡಿಸಲೊಳಗೆ ಕಟ್ಟಿ ಕೂಡಿಹಾಕುತ್ತಾನೆ. ಆದರೂ ಅವಳ ಬಲಗೈ ಮುಂದೆ ಬರುವುದಿಲ್ಲ. ಕೊನೆಗೆ ಮಾದಪ್ಪನೇ ಬಂದು ಬಿಡಿಸಬೇಕಾಗುತ್ತದೆ. ಇದನ್ನು ಕಂಸಾಳೆಯ ಗಂಡಸರು ತಲೆತಲಾಂತರದಿಂದ ಹಾಡಿ ಉಳಿಸಿದ್ದಾರೆ. ಅವರಿಗೆ ನನ್ನ ಶರಣು.

ಸಂಕಮ್ಮ ಹೀಗೆ ಎದುರು ನಿಂತಳು; ಆದರೂ ನಮ್ಮ ಸಣ್ಣಕಥೆಗಳ ಹೆಣ್ಣನ್ನು ಮೂಕಿ ಎಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯ ಮೆಹರುನ್ ಕಂಕುಳ ಕೂಸಿನೊಂದಿಗೆ ತವರಿಗೆ ಬಂದು, ಗಂಡ ಇನ್ನೊಬ್ಬಳ ಹಿಂದೆ ಹೋದನೆಂದು ಬಾಯಿಬಿಟ್ಟೇ ಹೇಳುತ್ತಾಳೆ. ಅಣ್ಣತಮ್ಮಂದಿರಿಗೆ ಮನೆತನದ ಮರ್ಯಾದೆ ದೊಡ್ಡದು. ಅದೇ ಗಂಡನ ಮನೆಗೆ ಅವಳನ್ನು ವಾಪಸು ಬಿಟ್ಟು ಬರುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡು ನಿಂತವಳನ್ನು ತಬ್ಬಿ ತಡೆಯುವವಳು ಮಗಳು ಸಲ್ಮಾ. ಅವಳ ಸಂಕಟ ಕೇಳಿಸಿದ್ದು ಆ ಹುಡುಗಿಯೊಬ್ಬಳಿಗೇ. ದೀಪಾ ಭಾಸ್ತಿ ಅವರ ಅನುವಾದದ ಮೂಲಕ ಬಾನು ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಅಣ್ಣತಮ್ಮಂದಿರು ನಮ್ಮ ನಮ್ಮ ಮನೆಯಲ್ಲೂ ಇದ್ದಾರೆಯೇ ಎಂದು ಎಷ್ಟು ಜನ ಕೇಳಿಕೊಂಡೆವು?

ಬರೆಯುವವಳ ಪಾಡೂ ಸುಲಭದ್ದಾಗಿರಲಿಲ್ಲ. ಕೊಡಗಿನ ಗೌರಮ್ಮ ಗಂಡನ ಹೆಸರಿನ ಮರೆಯಲ್ಲಿ ಕಥೆ ಬರೆದರು. 1939ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ನೀರುಪಾಲಾದರು. ಅವರ ಕಥೆಗಳು ‘ಕಂಬನಿ’ ಪುಸ್ತಕವಾಗಿ ಬಂದದ್ದು ಆಮೇಲೆ. ಅವರಿಗೂ ಬಹಳ ಮೊದಲೇ, ಪಕ್ಕದ ಯಳಂದೂರಿನ ಸಂಚಿ ಹೊನ್ನಮ್ಮ 17ನೇ ಶತಮಾನದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಹೆಂಡತಿಯ ಕರ್ತವ್ಯ ಹೇಳುವ ಆ ಗ್ರಂಥದೊಳಗೇ, ಹೆಣ್ಣನ್ನು ಕೀಳಾಗಿ ಕಾಣುವವರನ್ನು ನೇರವಾಗಿ ಪ್ರಶ್ನಿಸಿದಳು. ಆ ಧೈರ್ಯ ಈ ಸೀಮೆಯದ್ದು.

ಸಂಘಟಕರಲ್ಲಿ ಒಂದು ಕೇಳಿಕೆ. ಸಂಜೆಯ ಗೋಷ್ಠಿಯಲ್ಲಿ ಸ್ವಸಹಾಯ ಸಂಘದ ಅಕ್ಕಂದಿರ ಕೈಗೆ ಮೊದಲು ಮೈಕು ಕೊಡಿ. ತಮ್ಮ ಕಥೆಯನ್ನು ಈ ಸೀಮೆಯ ಮಾತಿನಲ್ಲೇ ಹೇಳಲಿ, ಕಾಲೇಜಿನ ಹುಡುಗಿಯರು ಬರೆದುಕೊಳ್ಳಲಿ. ನಡುವೆ ಯಾರೂ ‘ಸಾಕು ಮುಗಿಸವ್ವ’ ಎನ್ನಬೇಡಿ.

ಪ್ರದರ್ಶನ ಉದ್ಘಾಟನೆಯಾಗಿದೆ. ಬನ್ನಿ, ಪುಸ್ತಕ ಕೊಳ್ಳಿ.