ಹಳೆಯ ವಿಮಾನದ ಹೊಸ ಒಡೆಯ



ಹಳೆಯ ಮನೆಯ ತೊಲೆ, ಹೆಂಚುಗಳನ್ನು ಹೊಸ ಮನೆಗೆ ಬಳಸುವುದು ಮಲೆನಾಡಿನ ರೂಢಿ. ಅದರಿಂದ ಒಂದು ಮರವಾದರೂ ಉಳಿಯುತ್ತದೆ. ಅಮೆರಿಕದ ಸಿರಿವಂತನೊಬ್ಬ ಹಳೆಯ ಜೆಟ್ ವಿಮಾನ ಕೊಂಡರೆ ಉಳಿಯುವುದೇನು?

ಗಲ್ಫ್‌ಸ್ಟ್ರೀಮ್ ಜಿ-550ನ್ನೇ ನೋಡೋಣ. ಸುಮಾರು 12,500 ಕಿಲೋಮೀಟರ್ ನಿಲ್ಲದೆ ಹಾರಬಲ್ಲ ಈ ವಿಮಾನದ ಟ್ಯಾಂಕು 18 ಟನ್ನಿಗೂ ಹೆಚ್ಚು ಇಂಧನ ಹಿಡಿಯುತ್ತದೆ. ಒಂದು ಕಿಲೋ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್. ಟ್ಯಾಂಕು ಬರಿದಾಗುವಷ್ಟರಲ್ಲಿ 56 ಟನ್ನು ದಾಟಿರುತ್ತದೆ. ಒಳಗೆ ಕುಳಿತವರು ಹತ್ತಾರು ಮಂದಿ, ಕೆಲವೊಮ್ಮೆ ಒಬ್ಬರೇ. ಒಡೆಯ ಬದಲಾದ ಮಾತ್ರಕ್ಕೆ ವಿಮಾನದ ಹಸಿವು ತಗ್ಗುವುದಿಲ್ಲ.

ಇಂತಹ ಖರೀದಿಗೆ ಒತ್ತಾಸೆ ಸರಕಾರದ್ದೇ. ಅಮೆರಿಕದ 2017ರ ತೆರಿಗೆ ಕಾಯಿದೆಯು, ವ್ಯವಹಾರಕ್ಕೆಂದು ಕೊಂಡ ಹಳೆಯ ವಿಮಾನದ ಪೂರ್ಣ ಬೆಲೆಯನ್ನು ಮೊದಲ ವರ್ಷವೇ ಆದಾಯದಿಂದ ಕಳೆಯಲು ಅವಕಾಶವಿತ್ತಿತು. ಅದಕ್ಕೆ ಮೊದಲು ಆ ಬಗೆಯ ವಿಶೇಷ ರಿಯಾಯಿತಿ ಹೊಸ ವಿಮಾನಗಳಿಗಷ್ಟೇ ಇತ್ತು. 2023ರಿಂದ ಇಳಿಯತೊಡಗಿದ್ದ ಈ ಸವಲತ್ತನ್ನು 2025ರ ಕಾಯಿದೆ ಮತ್ತೆ ಪೂರ್ಣಗೊಳಿಸಿ ಶಾಶ್ವತವಾಗಿಸಿತು. ತೋಟದ ಬೇಲಿಗೆ ಸಹಾಯಧನ ಕೇಳಿ ಅಲೆದವರಿಗೆ ಇದು ವಿಚಿತ್ರವೆನಿಸೀತು.

ಅಂತರರಾಷ್ಟ್ರೀಯ ವಿಮಾನಯಾನದ ಇಂಗಾಲದ ಲೆಕ್ಕವಿಡುವ ಕೋರ್ಸಿಯಾ ವ್ಯವಸ್ಥೆಯೋ, ವರ್ಷಕ್ಕೆ 10,000 ಟನ್ನಿಗಿಂತ ಕಡಿಮೆ ಉಗುಳುವವರನ್ನು ಹೊರಗಿಟ್ಟಿದೆ. ಒಂದೇ ಜಿ-550 ಇರುವಾತ ಆ ಗಡಿ ಮುಟ್ಟಬೇಕಾದರೆ ತುಂಬಿದ ಟ್ಯಾಂಕನ್ನು ವರ್ಷಕ್ಕೆ 150ಕ್ಕೂ ಹೆಚ್ಚು ಸಲ ಬರಿದು ಮಾಡಬೇಕು.