ವೈದ್ಯನ ಸಂಚು, ಪತ್ತೇದಾರನ ಶೋಧ

ಪತ್ತೇದಾರಿ ಕಥೆಗಳನ್ನು ಓದುವುದು ಕಾಲಹರಣವೆಂದು ಬಗೆಯುವ ವಿದ್ವಾಂಸರುಂಟು. ಆದರೆ ಲೋಭವು ಮನೆಯ ನಾಲ್ಕು ಗೋಡೆಗಳೊಳಗೆ ಹೇಗೆ ಕೆಲಸ ಮಾಡುವುದೆಂಬುದನ್ನು ಅರಿಯಬಯಸುವವರಿಗೆ, ಆರ್ಥರ್ ಕಾನನ್ ಡಾಯಿಲ್ 1892ರಲ್ಲಿ ಪ್ರಕಟಿಸಿದ ‘ಸ್ಪೆಕಲ್ಡ್ ಬ್ಯಾಂಡ್’ ಎಂಬ ಸಣ್ಣಕಥೆ ತಕ್ಕ ಪಾಠವಾಗಿದೆ. ಅದನ್ನು ಬರೆದಾತನೂ ವೈದ್ಯನೇ, ಅದರೊಳಗಿನ ಪಾತಕಿಯೂ ವೈದ್ಯನೇ.

ಕಲ್ಕತ್ತೆಯಲ್ಲಿ ವೃತ್ತಿ ನಡೆಸಿ ಇಂಗ್ಲೆಂಡಿಗೆ ಮರಳಿದ ಡಾಕ್ಟರ್ ರಾಯ್ಲಟನಿಗೆ, ತೀರಿಹೋದ ಹೆಂಡತಿಯ ಹಣದಿಂದ ವರ್ಷಕ್ಕೆ 750 ಪೌಂಡು ವರಮಾನ. ಇಬ್ಬರು ಮಲಮಕ್ಕಳಲ್ಲಿ ಒಬ್ಬೊಬ್ಬಳು ಮದುವೆಯಾದಾಗಲೂ 250 ಪೌಂಡು ಅವಳಿಗೆ ಸಲ್ಲತಕ್ಕದ್ದು. ಒಬ್ಬಳು ಮದುವೆಗೆ ಎರಡು ವಾರವಿರುವಾಗ, ಮುಚ್ಚಿದ ಕೋಣೆಯಿಂದ ಚೀರುತ್ತ ಹೊರಬಂದು ಪ್ರಾಣಬಿಡುತ್ತಾಳೆ. ಎರಡು ವರ್ಷಗಳ ತರುವಾಯ ಇನ್ನೊಬ್ಬಳಿಗೂ ಮದುವೆ ನಿಶ್ಚಯವಾಗುತ್ತದೆ. ತೀರಿಹೋದ ಸೋದರಿಯ ಅದೇ ಕೋಣೆಯಲ್ಲಿ ಅವಳು ಮಲಗಬೇಕಾಗಿ ಬಂದಾಗ, ಅಂದಿನ ಸಿಳ್ಳೇ ನಡುರಾತ್ರಿಯಲ್ಲಿ ಕೇಳಿಸುತ್ತದೆ. ಅವಳ ಕೈಹಿಡಿಯಲಿರುವವನು ಸಮಾಧಾನದ ಮಾತನಾಡುತ್ತಾನೆ. ಮನಸ್ಸಿನಲ್ಲಿ ಅದನ್ನು ಹೆಣ್ಣಿನ ಭ್ರಮೆಯೆಂದೇ ಎಣಿಸುತ್ತಾನೆ.

ಷರ್ಲಾಕ್ ಹೋಮ್ಸನಾದರೋ ಅವಳ ಮಾತನ್ನು ನಂಬುತ್ತಾನೆ. ಮೊದಲು ತಾಯಿಯ ಉಯಿಲನ್ನು ನೋಡುತ್ತಾನೆ, ಆಮೇಲೆ ಕೋಣೆಯನ್ನು. ಎಳೆದರೆ ಬಾರಿಸದ ಗಂಟೆಯ ಹಗ್ಗ, ವೈದ್ಯನ ಕೋಣೆಗೆ ತೆರೆದ ಗಾಳಿಕಿಂಡಿ, ನೆಲಕ್ಕೆ ಬಿಗಿದ ಮಂಚ, ಬೆಕ್ಕಿಲ್ಲದ ಮನೆಯಲ್ಲಿ ಹಾಲಿನ ತಟ್ಟೆ! ಕಿಂಡಿಯಿಂದ ಹಗ್ಗ ಹಿಡಿದು ಇಳಿಯುತ್ತಿದ್ದುದು ವಿಷಸರ್ಪ. ಕಡೆಗೆ ಹೋಮ್ಸನ ಬೆತ್ತದ ಪೆಟ್ಟು ತಿಂದ ಆ ಹಾವು ಹಿಂದಿರುಗಿ ಒಡೆಯನನ್ನೇ ಕಚ್ಚುತ್ತದೆ.

ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಮ್ಮ ಕಲಬುರ್ಗಿಯ ಶಹಾಬಜಾರದ ಜನಕ್ಕೆ ಆ ಹಾಲಿನ ತಟ್ಟೆ ಸಹಜವಾಗಿಯೇ ತೋರೀತು. ಆದರೆ ಹಾಲು ಹಾವಿನ ಆಹಾರವಲ್ಲ. ಸಿಳ್ಳು ಕೇಳಿ ಹಗ್ಗವೇರಿ ಮರಳುವ ಹಾವೂ ಇಲ್ಲ. ಹಾಗೆಂದು ಇಂತಹ ಸಂಚೇ ಅಸಂಭವವೆಂದು ನಗುವಂತಿಲ್ಲ. ನಮ್ಮ ದೇಶದಲ್ಲಿಯೇ ಇದಕ್ಕಿಂತ ಘೋರವಾದುದು ನಡೆದಿದೆ.

ಇಂದು ಝಾರ್ಖಂಡಕ್ಕೆ ಸೇರಿದ ಪಾಕುಡದ ಜಮೀನುದಾರಿ ಮನೆತನದಲ್ಲಿ ಆಸ್ತಿಯ ಸಲುವಾಗಿ ಮಲಸೋದರರ ನಡುವೆ ವ್ಯಾಜ್ಯವಿತ್ತು. 1933ರ ನವೆಂಬರ್ 26ರಂದು ಹೌರಾ ನಿಲ್ದಾಣದ ಜನಸಂದಣಿಯಲ್ಲಿ ಯಾರೋ ಒಬ್ಬನು ಕಿರಿಯನಾದ ಅಮರೇಂದ್ರಚಂದ್ರ ಪಾಂಡೆಯ ತೋಳಿಗೆ ಏನನ್ನೋ ಚುಚ್ಚಿ ಮರೆಯಾದನು. ಡಿಸೆಂಬರ್ 4ರಂದು ಆ ತರುಣನು ತೀರಿಕೊಂಡನು. ಬದುಕಿದ್ದಾಗ ತೆಗೆದಿದ್ದ ಅವನ ರಕ್ತದಲ್ಲಿ ಪ್ಲೇಗಿನ ಕ್ರಿಮಿಗಳು ಕಂಡುಬಂದವು. ಪೊಲೀಸರ ಶೋಧವು ಮುಂಬಯಿಯವರೆಗೆ ಹೋಯಿತು. ತಾರಾನಾಥ ಭಟ್ಟಾಚಾರ್ಯನೆಂಬ ವೈದ್ಯನು ಸಂಶೋಧನೆಯ ನೆಪದಲ್ಲಿ ಅಲ್ಲಿಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಆ ಕ್ರಿಮಿಗಳ ಬಳಿ ಸೇರಿದ್ದನೆಂಬುದು ಹೊರಬಿದ್ದಿತು. ಅವನಿಗೂ ಹಿರಿಯ ಸೋದರ ಬಿನಯೇಂದ್ರನಿಗೂ 1935ರಲ್ಲಿ ಮರಣದಂಡನೆಯಾಯಿತು. 1936ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಆಜೀವ ಗಡೀಪಾರಿಗೆ ಇಳಿಸಿತು.

ರೋಗ ಬಂದು ಸತ್ತನೆಂದು ಎಲ್ಲರೂ ಸುಮ್ಮನಾಗಲೆಂದೇ ಹೂಡಿದ ಸಂಚನ್ನು ಒಂದು ತೊಟ್ಟು ರಕ್ತದ ಪರೀಕ್ಷೆ ಬಯಲಿಗೆಳೆಯಿತು. ವೈದ್ಯವಿದ್ಯೆ ಮಾಡಿದ ಪಾತಕವನ್ನು ವೈದ್ಯವಿದ್ಯೆಯೇ ಹಿಡಿದುಕೊಟ್ಟಿತು. ನಾವು ವೈದ್ಯನಿಗೆ ನಡುಮನೆಯವರೆಗೂ ದಾರಿ ಬಿಡುತ್ತೇವೆ, ಬಿಡಲೇಬೇಕು. ಆ ವಿಶ್ವಾಸವಿಲ್ಲದೆ ಸಂಸಾರ ನಡೆಯದು. ಆದರೆ ಪಾಲುಪತ್ರದ ಮಾತು ನಡೆಯುತ್ತಿರುವ ಮನೆಯಲ್ಲಿ ಒಬ್ಬ ಹೆಣ್ಣುಮಗಳೋ ತರುಣನೋ ತನಗೆ ಹೆದರಿಕೆಯಾಗುತ್ತಿದೆಯೆಂದರೆ, ಅದನ್ನು ಭ್ರಮೆಯೆನ್ನುವ ಮೊದಲು ಕುಳಿತು ಪೂರ್ತಿಯಾಗಿ ಕೇಳುವುದು ಹಿರಿಯರ ಕರ್ತವ್ಯ. ಅಷ್ಟನ್ನು ಮಾಡುವುದಕ್ಕೆ ಷರ್ಲಾಕ್ ಹೋಮ್ಸನೇ ಬರಬೇಕಾಗಿಲ್ಲ.